ಉಸುಕು ಕುದಿಯುವ ಜಾಗ

ಅವರು ತೀರಿಕೊಂಡರೆಂಬ ಸುದ್ದಿ ಬಂದ ದಿನ ನಮ್ಮ ಕಚೇರಿಯಲ್ಲಿ ಯಾರೂ ಅಳಲಿಲ್ಲ. ಹಳೆಯ ಗುಮಾಸ್ತರು ಕನ್ನಡಕ ತೆಗೆದು ಒರೆಸಿಕೊಂಡು, 'ಹೋದ್ರೇನು, ಪಾಪ' ಎಂದರು. ಮರುಕ್ಷಣವೇ, 'ಅಂತೂ ಆ ಬಾಯಿ ನಿಂತಿತು' ಎಂದರು. ಡ್ರೈವರು ಹೊರಗೆ ಹೋಗಿ ಬೀಡಿ ಹಚ್ಚಿದ. ನಾನು ನಕ್ಷೆಯೊಂದರ ಮೇಲೆ ಪೆನ್ಸಿಲ್ಲಿನಿಂದ ಗೆರೆ ಎಳೆಯುತ್ತಿದ್ದೆ. ಎಳೆದು ಮುಗಿಸಿದೆ. ಗೆರೆ ಒಂದು ಕೂದಲೆಳೆ ಸೊಟ್ಟಗಾಗಿದ್ದರೆ ಅವರು ಏನೆನ್ನುತ್ತಿದ್ದರು ಎಂಬುದು ಆಗಲೂ ನನ್ನ ಕಿವಿಯಲ್ಲಿತ್ತು.

ಅವರ ಹೆಸರನ್ನು ನಾನು ಬರೆಯುವುದಿಲ್ಲ. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಕಡೆಯ ಕೆರೆಗಳ ಏರಿ, ತೂಬು, ಕೋಡಿಗಳನ್ನು ನೋಡಿಕೊಳ್ಳುವ ಕೆಲಸ ನಮ್ಮದು. ಅವರು ನಮ್ಮೆಲ್ಲರ ಮೇಲಿನ ಎಂಜಿನಿಯರು. ಎಲ್ಲರೂ ಸಾಹೇಬ್ರು ಎನ್ನುತ್ತಿದ್ದರು, ನಾನೂ ಹಾಗೆಯೇ ಎನ್ನುತ್ತೇನೆ. ಗಿಡ್ಡ ಆಳು. ಯಾವಾಗಲೂ ಬಿಳಿ ಅಂಗಿ, ಮೊಣಕಾಲ ಹತ್ತಿರ ಮಣ್ಣಿನ ಕಲೆ ಹೋಗದ ಪ್ಯಾಂಟು. ಜೇಬಿನಲ್ಲಿ ಒದ್ದೆ ಬಟ್ಟೆಯಲ್ಲಿ ಸುತ್ತಿದ ಸವಣೂರು ವೀಳ್ಯದೆಲೆ. ನಮ್ಮನ್ನು ಬೈಯುವಾಗ ಅವರು ದನಿ ಏರಿಸುತ್ತಿರಲಿಲ್ಲ, 'ರಿ'ಯನ್ನೂ ಬಿಡುತ್ತಿರಲಿಲ್ಲ. 'ನೀವು ಓದಿದ್ದು ಖರೇನೇನ್ರಿ, ಇಲ್ಲಾ ನಿಮ್ಮ ಹೆಸರಿಲೆ ಬ್ಯಾರೆ ಯಾರರ ಪರೀಕ್ಷೆ ಬರದಾರೇನ್ರಿ?' ಎಂದು ಮೂವರ ಎದುರಿಗೆ, ಹವಾಮಾನದ ಬಗ್ಗೆ ಕೇಳಿದಷ್ಟು ಮೆಲ್ಲಗೆ ಕೇಳುತ್ತಿದ್ದರು. ಕೇಳಿಸಿಕೊಂಡವನು ಆ ದಿನ ಊಟದ ಡಬ್ಬಿ ತೆರೆಯುತ್ತಿರಲಿಲ್ಲ.

ನಾನು ಕೆಲಸಕ್ಕೆ ಸೇರಿದ ದಿನ ನನ್ನ ಕಾಗದಗಳನ್ನು ನೋಡಿ, 'ಸವಣೂರಿನವ್ರೇನ್ರಿ ಮೇಡಂ?' ಎಂದರು.

'ಹೌದ್ರಿ ಸರ್.'

'ಮನ್ಯಾಗ ಏನು ಮಾಡ್ತಾರ?'

'ಅಜ್ಜಾರು ಪಾಠ ಹೇಳ್ತಿದ್ರು. ಸಂಸ್ಕೃತ. ಅಪ್ಪ ವಕೀಲರು.'

'ಅಂದ್ರ ಮೂರು ತಲಿ ಬರೇ ಬಾಯಿಲೆ ದುಡದೀರಿ' ಎಂದರು. 'ನಡೀರಿ.'

ಅಂದೇ ನನ್ನನ್ನು ಶಿಗ್ಗಾಂವಿ ಕಡೆಯ ಒಂದು ಕೆರೆಗೆ ಕರೆದುಕೊಂಡು ಹೋದರು. ಏರಿಯ ಮೇಲೆ ಹೆಂಗಸರು ಬುಟ್ಟಿಯಲ್ಲಿ ಮಣ್ಣು ಹೊರುತ್ತಿದ್ದರು. ಒಬ್ಬಳ ತಲೆಯ ಬುಟ್ಟಿಯನ್ನು ಇಳಿಸಿ ನನ್ನ ತಲೆಗೆ ಇಟ್ಟರು. ಮೇಲೆ ಒಯ್ದು ಸುರುವಿ ಬಂದೆ. ಮತ್ತೊಂದು ಇಟ್ಟರು. ಹನ್ನೊಂದು ಬುಟ್ಟಿ ಹೊತ್ತೆ. ಹೆಂಗಸರು ಮೊದಲು ನಕ್ಕರು, ಆಮೇಲೆ ಅವರಿಗೇ ಸಂಕಟವಾಗಿ ಬೇರೆ ಕಡೆ ನೋಡತೊಡಗಿದರು. ಸಾಹೇಬರು ಮಾತ್ರ ನನ್ನನ್ನೇ ನೋಡುತ್ತಿದ್ದರು. ಕೊನೆಗೆ, 'ನಮ್ಮವ್ವ ನನ್ನ ಹೊಟ್ಟ್ಯಾಗ ಇಟಗೊಂಡು ದಿನಕ್ಕ ನೂರು ಬುಟ್ಟಿ ಹೊತ್ತಾಳ್ರಿ. ಒಡ್ಡಿನ ಲೆಕ್ಕ ಬರೀಬೇಕಂದ್ರ ಮದ್ಲ ಕುತ್ತಿಗಿಗೆ ಗೊತ್ತಾಗಬೇಕು' ಎಂದರು. ಕೆರೆಯ ಏರಿಗೆ ಅವರು ಯಾವಾಗಲೂ ಒಡ್ಡು ಎಂದೇ ಅನ್ನುತ್ತಿದ್ದರು. ನಾಲ್ಕು ದಿನ ನನಗೆ ಕುತ್ತಿಗೆ ತಿರುಗಿಸಲು ಬರಲಿಲ್ಲ.

ತಡಸದ ಹತ್ತಿರದ ಹಳ್ಳಿಯವರು ಅವರು, ಕೂಲಿಯವರ ಮಗ. ಆ ಊರಿನಿಂದ ಎಂಜಿನಿಯರಿಂಗ್ ಓದಿದ ಮೊದಲಿಗರು. ಆ ದಾರಿಯಲ್ಲಿ ಯಾರು ಯಾರು ಏನೇನು ಅಂದಿದ್ದರೋ ಅದನ್ನೆಲ್ಲ ಅವರು ಹಾಗೇ ಇಟ್ಟುಕೊಂಡಿದ್ದರು. ಎದುರಿಗೆ ಸಿಕ್ಕವರಿಗೆ ಹಂಚುತ್ತಿದ್ದರು. ಆದರೆ ಅಂದವರಿಗೇ ತಿರುಗಿಸಿ ಕೊಟ್ಟಿದ್ದರೆ ನ್ಯಾಯವಿತ್ತು. ಅವರು ತಾರತಮ್ಯ ಮಾಡುತ್ತಿರಲಿಲ್ಲ, ಅದೇ ತೊಂದರೆ. ಮಳೆಗಾಲದಲ್ಲಿ ಮಗಳ ನಿಶ್ಚಿತಾರ್ಥಕ್ಕೆ ಎರಡು ದಿನ ರಜೆ ಕೇಳಿದ ಬಡ ಮೇಸ್ತ್ರಿಗೆ, 'ಮಗಳು ಬರೋ ವರ್ಷನೂ ಇರತಾಳ್ರಿ. ಕೆರಿ ಇರೂದಿಲ್ಲ' ಎಂದಿದ್ದರು. ಮಗಳ ನಿಶ್ಚಿತಾರ್ಥ ಅಪ್ಪನಿಲ್ಲದೆ ನಡೆಯಿತು. ಆ ಕೆರೆಗೆ ಏನೂ ಆಗಲಿಲ್ಲ.

ಉಸುಕಿನ ಪಾಠವನ್ನು ನನಗೆ ಅವರು ಕಲಿಸಿದ ರೀತಿಯನ್ನು ಹೇಳಬೇಕು. ಹಿರೇಕೆರೂರು ಕಡೆಯ ಒಂದು ಕೆರೆ ತುಂಬಿ ನಿಂತಿತ್ತು. ಏರಿಯ ಹೊರಬದಿಯ ಬುಡದಲ್ಲಿ ಮಣ್ಣು ಒದ್ದೆಯಾಗಿ, ಅಲ್ಲಲ್ಲಿ ಇರುವೆ ಗೂಡಿನಂಥ ಸಣ್ಣ ಸಣ್ಣ ಗುಪ್ಪೆಗಳೆದ್ದಿದ್ದವು. ಪ್ರತಿ ಗುಪ್ಪೆಯ ತುದಿಯಲ್ಲೊಂದು ಕುಳಿ. ಕುಳಿಯೊಳಗಿಂದ ನೀರು ಬುಳುಬುಳು ಏಳುತ್ತ, ತನ್ನ ಜೊತೆ ತೊಳೆದಿಟ್ಟಂಥ ಬಿಳಿ ಉಸುಕನ್ನು ತಂದು ಸುತ್ತಲೂ ಚೆಲ್ಲುತ್ತಿತ್ತು. 

'ಪುಸ್ತಕದಾಗ ಇದಕ್ಕ ಏನಂತಾರ್ರಿ?'

'ಉಸುಕಿನ ಜ್ವಾಲಾಮುಖಿ ಅಂತಾರ್ರಿ ಸರ್.'

'ಬೆಂಕಿ ಎಲ್ಲೈತ್ರಿ?'

'ಬೆಂಕಿ ಇಲ್ಲರಿ. ನೀರಿನ ಒತ್ತಡ.'

'ಹಂಗಾರ ಅದರ ಮ್ಯಾಲ ನಿಂದರ್ರಿ.'

ನಿಂತೆ. ಮೊಣಕಾಲವರೆಗೆ ಹೋದೆ. ಕಾಲು ಕೀಳಲು ಹೋದಷ್ಟೂ ಇನ್ನೊಂದು ಕಾಲು ಇಳಿಯಿತು. ತೊಡೆಯವರೆಗೆ ಬಂದಾಗ ನಾನು ಕೈ ಚಾಚಿದೆ. ಸಾಹೇಬರು ಜೇಬಿನಿಂದ ಎಲೆ ತೆಗೆದರು. ಎರಡು ಎಲೆ ಒರೆಸಿ, ಸುಣ್ಣ ಹಚ್ಚಿ, ಅಡಿಕೆ ಇಟ್ಟು, ಮಡಚಿ, ಬಾಯಿಗಿಟ್ಟುಕೊಂಡು, ಅಗಿದು, ಉಗುಳುವವರೆಗೂ ನಾನು ಅಲ್ಲೇ ಇದ್ದೆ. ಅಷ್ಟೂ ಹೊತ್ತು ಅವರು ಪಾಠ ಹೇಳುತ್ತಿದ್ದರು. ಉಸುಕಿನ ಕಾಳಿನ ಮೇಲೆ ಕಾಳು ಕೂತಿರುತ್ತದೆ. ಅದಕ್ಕೇ ನೆಲ ನಮ್ಮ ಭಾರ ಹೊರುತ್ತದೆ. ಕೆರೆ ತುಂಬಿದಾಗ ನೀರು ಏರಿಯ ಅಡಿಯಿಂದ ದಾರಿ ಹುಡುಕುತ್ತದೆ. ಕೆಳಗೆ ಹಳೆಯ ಹಳ್ಳದ ಉಸುಕು ಇದ್ದರೆ ಅದರೊಳಗೆ ನುಗ್ಗಿ, ಈ ಕಡೆ ಬಂದು ಮೇಲಕ್ಕೆ ನೂಕುತ್ತದೆ. ನೂಕಿದಾಗ ಪ್ರತಿ ಕಾಳೂ ಪಕ್ಕದ ಕಾಳನ್ನು ಬಿಟ್ಟು ತೇಲುತ್ತದೆ. ಆಗ ಅದು ನೆಲವಲ್ಲ. 

'ಹೆದರಿಕಿ ಆಗೇತೇನ್ರಿ?'

'ಹೂನ್ರಿ.'

'ಆಗಬೇಕು. ನಿಮ್ಮ ಮೈ ಹೆದರಿತಂದ್ರ ನೀವು ಮರೆಯೂದಿಲ್ಲ.'

ಮರೆಯಲಿಲ್ಲ. ಅವರ ಪಾಠ ಯಾವುದನ್ನೂ ಮರೆತಿಲ್ಲ. ಅಷ್ಟು ಚೆನ್ನಾಗಿ ಕಲಿಸಿದವರು ನನಗೆ ಬೇರೆ ಯಾರೂ ಸಿಗಲಿಲ್ಲ. ಕಲಿಯುವುದಕ್ಕೆ ಅಷ್ಟು ನೋವಾಗಬೇಕಿತ್ತೇ ಎಂದು ಇವತ್ತಿಗೂ ಕೇಳಿಕೊಳ್ಳುತ್ತೇನೆ.

ಎಂಟು ವರ್ಷದ ಹಿಂದಿನ ಮಾತು. ಆ ಸಲ ಮಳೆ ಬಿಡಲೇ ಇಲ್ಲ. ಬಹಳ ವರ್ಷಗಳ ಮೇಲೆ ಎಲ್ಲ ಕೆರೆಗಳೂ ಕೋಡಿ ಬಿದ್ದಿದ್ದವು. ಒಂದು ಬೆಳಿಗ್ಗೆ, ಆಡೂರಿನ ಆಚೆಗಿನ ಒಂದು ಹಳ್ಳಿಯಿಂದ ಐವತ್ತು ದಾಟಿದ ಹೆಂಗಸೊಬ್ಬಳು ಕಚೇರಿಗೆ ಬಂದಳು. ಹೆಸರು ಫಕ್ಕೀರವ್ವ. ಗಂಡ ಇಲ್ಲ, ಒಬ್ಬಳೇ ಮಗಳು. ಕೆರೆಯ ಏರಿಗೆ ಹತ್ತಿಯೇ ಅವಳದೊಂದು ತುಂಡು ಭತ್ತದ ಗದ್ದೆ. ಅವಳು ಯಾರ ಅಪ್ಪಣೆಗೂ ಕಾಯದೆ ಸಾಹೇಬರ ಕೋಣೆಗೆ ಹೋಗಿ, ಸೆರಗಿನ ಗಂಟು ಬಿಚ್ಚಿ ಒಂದು ಹಿಡಿ ಒದ್ದೆ ಉಸುಕನ್ನು ಮೇಜಿನ ಮೇಲೆ ಸುರುವಿದಳು.

'ಸಾಹೇಬ್ರ, ನಮ್ಮ ಗದ್ದ್ಯಾಗ ಹುತ್ತ ಎದ್ದೈತ್ರಿ. ಹುತ್ತದ ಬಾಯಾಗಿಂದ ನೀರು ಬರತಾವ. ಇದು ಅದರ ಉಸುಕು.'

ಸಾಹೇಬರು ಉಸುಕನ್ನು ಎರಡು ಬೆರಳಿನ ನಡುವೆ ತಿಕ್ಕಿ ನೋಡಿದರು. ಅವರ ಮುಖ ಬಿಗಿಯಿತು. ಜೀಪು ತೆಗೆಯಲು ಹೇಳಿ ಕಳಿಸಿದರು. ಆಮೇಲೆ ಅವಳ ಕಡೆ ತಿರುಗಿ, 'ನನ್ನ ಮೇಜಿನ ಮ್ಯಾಲ ಸುರುವಿದ್ಯಲ್ಲ, ಇದನ್ನ ಬಳಿಯೋರು ಯಾರು? ನಿಮ್ಮಪ್ಪ ಬರತಾನೇನು? ನೀನ ಬಳಿ' ಎಂದರು. ಅಪಾಯದ ಸುದ್ದಿ ತಂದವಳು ಸೆರಗಿನಿಂದ ಮೇಜು ಒರೆಸುತ್ತಿದ್ದಾಗ ಅವರು ಟೋಪಿ ಹಾಕಿಕೊಂಡು ಆಗಲೇ ಹೊರಗೆ ನಡೆದಿದ್ದರು. ನಾನೂ ಹಿಂದೆ ಓಡಿದೆ.

ಗದ್ದೆಯಲ್ಲಿದ್ದದ್ದು ಇರುವೆ ಗೂಡಲ್ಲ. ಮೊಣಕಾಲೆತ್ತರದ ಗುಪ್ಪೆ. ತುದಿಯ ಬಾಯಿ ತಟ್ಟೆಯಷ್ಟು ಅಗಲ. ಒಳಗೆ ಉಸುಕು ಒಲೆಯ ಮೇಲಿನ ಅಂಬಲಿಯಂತೆ ಕುದಿಯುತ್ತಿತ್ತು. ಊರಿನ ಗಂಡಸರು ಅದರ ಬಾಯಿಗೆ ಕಲ್ಲು ತುಂಬಲು ಹೊರಟಿದ್ದರು. ಸಾಹೇಬರು ಕೈಯಲ್ಲಿದ್ದ ಕೋಲಿನಿಂದ ಒಬ್ಬನ ಮುಂಗೈಗೆ ಹೊಡೆದರು. ಕಲ್ಲು ಅವನ ಕಾಲ ಮೇಲೆಯೇ ಬಿತ್ತು.

'ಬಾಯಿ ಮುಚ್ಚಿದ್ರ ಹೊಟ್ಟಿ ಒಡೀತೈತಿ' ಎಂದರು. 'ಇಲ್ಲಿ ಬಂದ್ ಮಾಡಿದ್ರ ಇನ್ನೊಂದು ಕಡೆ ಏಳತೈತಿ, ನಿಮಗ ಕಾಣದ ಕಡೆ. ನೀರಿಗೆ ಹೊರಗ ಬರಾಕ ಬಿಡ್ರಿ. ಉಸುಕಿಗೆ ಬಿಡಬ್ಯಾಡ್ರಿ.'

ಬಿಳಿ ಅಂಗಿಯಲ್ಲೇ ಕೆಸರಿನಲ್ಲಿ ಹೊಟ್ಟೆ ಅಡಿ ಮಾಡಿ ಮಲಗಿ, ಕುಳಿಯೊಳಗೆ ಮೊಳಕೈವರೆಗೂ ಕೈ ಇಳಿಸಿ ನೋಡಿದರು. ಆಮೇಲೆ ಸುತ್ತಲೂ ಉಸುಕಿನ ಚೀಲಗಳನ್ನು ಬಾವಿಯ ಕಟ್ಟೆಯಂತೆ ದುಂಡಗೆ ಪೇರಿಸಿದರು. ಕಟ್ಟೆಯೊಳಗೆ ನೀರು ಏರಿ ನಿಂತಿತು. ನಿಂತ ನೀರಿನ ಭಾರ ಮೇಲಿನಿಂದ ಒತ್ತಿದಂತೆ ಕುದಿಯುವುದು ನಿಧಾನವಾಯಿತು. ಸಂಜೆಯ ಹೊತ್ತಿಗೆ ತಿಳಿನೀರು ಮಾತ್ರ ಕಟ್ಟೆಯ ಒಂದು ಬದಿಯಿಂದ ಹರಿದು ಹೋಗುತ್ತಿತ್ತು. ತೂಬನ್ನೂ ಎತ್ತಿಸಿದರು. ಆದರೆ ಮೇಲಿನ ಮಳೆ ನಿಲ್ಲಲಿಲ್ಲ. ಹೋದಷ್ಟೇ ನೀರು ಕೆರೆಗೆ ಬರುತ್ತಿತ್ತು. 

ಹೊರಡುವ ಮುಂಚೆ ಒಂದು ಗಾಜಿನ ಲೋಟದಲ್ಲಿ ಆ ನೀರು ತುಂಬಿ, ಬೆಳಕಿಗೆ ಹಿಡಿದು ಫಕ್ಕೀರವ್ವನಿಗೆ ತೋರಿಸಿದರು. 'ನೀರು ಹಿಂಗ ತಿಳಿ ಇರೂ ತನಕ ಚಿಂತಿ ಇಲ್ಲ. ಕೆಂಪಾತಂದ್ರ ಒಡ್ಡಿನ ಕರುಳು ಹೊರಗ ಬರಾಕತ್ತೈತಿ ಅಂತ ತಿಳಿ. ಮುಂಜಾನೆ, ಮಧ್ಯಾಹ್ನ, ಸಂಜೀಕ ನೋಡು. ಕೆಂಪಾದ ಕೂಡ್ಲೆ ಫೋನ್ ಮಾಡು.' ತಮ್ಮ ನಂಬರನ್ನೂ ನನ್ನ ನಂಬರನ್ನೂ ಬರೆದುಕೊಟ್ಟರು. 'ನೀರು ಜೋರಾದ್ರ ಮ್ಯಾಲೊಂದು ಚೀಲ ಏರಸು.' ಅವಳು ಲೋಟವನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. ಸರಕಾರದವರು ಅವಳಿಗೆ ಕೊಟ್ಟ ಮೊದಲ ವಸ್ತು ಅದಾಗಿರಬೇಕು.

ಮೂರನೆಯ ದಿನ ಮಧ್ಯಾಹ್ನ ಅವಳ ಫೋನು ಬಂತು. ಸಾಹೇಬರು ಮೇಲಧಿಕಾರಿಗಳ ಸಭೆಯಲ್ಲಿದ್ದರು. ಎದ್ದುಬಂದರು. ನಾವು ಹೋಗಿ ನೋಡಿದರೆ ಕಟ್ಟೆಯೊಳಗಿನ ನೀರು ತಿಳಿಯಾಗಿಯೇ ಇತ್ತು. ಯಾರದೋ ಎಮ್ಮೆ ಬಂದು ಪಕ್ಕದ ಕಾಲುವೆಯಲ್ಲಿ ಹೊರಳಿ ಕೆಸರೆಬ್ಬಿಸಿತ್ತು. ಆ ನೀರು ಕಟ್ಟೆಯ ಹೊರಬುಡಕ್ಕೆ ಹರಿದಿತ್ತು. ಅವಳು ಹೆದರಿದ್ದಳು, ಅಷ್ಟೇ.

ಊರಿನ ಹತ್ತಿಪ್ಪತ್ತು ಜನ ಸೇರಿದ್ದರು. ಸಾಹೇಬರು ಲೋಟ ಇಸಿದುಕೊಂಡರು. ಕಾಲುವೆಯ ಕೆಸರು ನೀರನ್ನು ತುಂಬಿದರು. ಅವಳ ಮುಂದೆ ಹಿಡಿದರು.

'ಕುಡಿ.'

ಅವಳು ಅರ್ಥವಾಗದೆ ನೋಡಿದಳು.

'ಕಣ್ಣಿಗೆ ಗೊತ್ತಾಗಲಿಲ್ಲ. ನಾಲಿಗಿಗರ ಗೊತ್ತಾಗಲಿ. ಕುಡಿ.'

ಫಕ್ಕೀರವ್ವ ಕುಡಿದಳು. ಪೂರ್ತಿ ಕುಡಿದಳು. ಗಂಟಲಿನಲ್ಲಿ ಮಣ್ಣು ಇಳಿಯುವುದು ನಮಗೆ ಕಾಣುತ್ತಿತ್ತು. 'ಎಮ್ಮಿ ಉಚ್ಚಿ ರುಚಿ ಹೆಂಗಿರತೈತಿ ಅಂತ ಗೊತ್ತಾತಲ್ಲ? ಇನ್ನ ಎಮ್ಮಿ ಯಾವುದು, ಒಡ್ಡು ಯಾವುದು ತಿಳಕೊಂಡು ಫೋನ್ ಮಾಡು' ಎಂದರು. ಗಂಡಸರು ನಕ್ಕರು. ಸಾಹೇಬರು ನನ್ನ ಕಡೆ ನೋಡಿದರು. ನಾನೂ ನಕ್ಕೆ. ನಗದಿದ್ದರೆ ಮುಂದಿನ ಲೋಟ ನನಗೆ ಎಂಬ ಹೆದರಿಕೆ ಇತ್ತು ಎಂದು ಹೇಳಬಹುದು. ಆದರೆ ನಕ್ಕದ್ದು ನಕ್ಕದ್ದೇ. ಅವಳು ನೋಡಿದಳು.

ಜೀಪಿನಲ್ಲಿ ಸಾಹೇಬರು ಎಂದರು: 'ಮೇಡಂ, ನೀವು ನಿಮ್ಮ ಕಣ್ಣಿಲೆ ನೋಡದ ಹೊರತು ಆ ಊರಿನ ಸುದ್ದಿ ನನ್ನ ತನಕ ತರಬ್ಯಾಡ್ರಿ.'

ಅದಾದ ಐದನೆಯ ಬೆಳಿಗ್ಗೆ ಏಳೂವರೆಗೆ ನನ್ನ ಫೋನು ಸದ್ದು ಮಾಡಿತು.

'ಅಕ್ಕಾರ, ನಾನ್ರಿ, ಫಕ್ಕೀರವ್ವ. ನೀರು ಕೆಂಪಾಗ್ಯಾವ್ರಿ. ಎಮ್ಮಿ ಅಲ್ಲರಿ, ಸುತ್ತೂಕಡೆ ನೋಡಿ ಬಂದೇನಿ. ನಾಲಿಗೀಗೂ ಹಚ್ಚಿ ನೋಡಿದೆ.' ಸ್ವಲ್ಪ ತಡೆದು, 'ಸಾಹೇಬ್ರಿಗೆ ಈಗ ಹೇಳಬ್ಯಾಡ್ರಿ. ಮದ್ಲ ನೀವ ಬಂದು ನೋಡ್ರಿ' ಎಂದಳು.

ಬರುತ್ತೇನೆಂದು ಹೇಳಿ ಫೋನಿಟ್ಟೆ. ಸ್ಕೂಟರು ತೆಗೆದೆ. ದಾರಿಯಲ್ಲಿ ಎರಡು ಸಲ ನಿಲ್ಲಿಸಿ ಸಾಹೇಬರ ನಂಬರು ತೆಗೆದೆ. ಎರಡು ಸಲವೂ ಒತ್ತಲಿಲ್ಲ. ಇದೂ ಎಮ್ಮೆಯಾಗಿದ್ದರೆ? ನೋಡಿದ ಮೇಲೆ ಮಾಡಿದರಾಯಿತು, ಎಷ್ಟು ಹೊತ್ತಿನ ದಾರಿ ಎಂದುಕೊಂಡೆ. ಮುಕ್ಕಾಲು ಗಂಟೆಯ ದಾರಿ ಅದು.

ಏರಿಯ ಮೇಲೆ ನಿಂತು ಕೆಳಗೆ ನೋಡಿದಾಗ ಲೋಟದಲ್ಲಿ ಹಿಡಿದು ನೋಡುವ ಅಗತ್ಯ ಉಳಿದಿರಲಿಲ್ಲ. ಚೀಲದ ಕಟ್ಟೆ ಒಂದು ಬದಿ ಕುಸಿದಿತ್ತು. ತಟ್ಟೆಯಷ್ಟಿದ್ದ ಬಾಯಿ ಬೀಸುವ ಕಲ್ಲಿಗಿಂತ ಅಗಲವಾಗಿ, ಇಟ್ಟಂಗಿ ಬಣ್ಣದ ನೀರನ್ನು ಎತ್ತಿ ಒಗೆಯುತ್ತಿತ್ತು. ಸೊಂಟದ ಮಟ್ಟದ ಆ ನೀರಿನಲ್ಲಿ ಫಕ್ಕೀರವ್ವ ನಿಂತು, ಬಿದ್ದ ಚೀಲಗಳನ್ನು ಒಂದೊಂದಾಗಿ ಎತ್ತಿ ಮೇಲೆ ಇಡುತ್ತಿದ್ದಳು. ಸಾಹೇಬರಿಗೆ ಫೋನು ಮಾಡಿದೆ. ಏನು ಹೇಳಿದೆನೋ ನೆನಪಿಲ್ಲ. ಅವರು ಹೇಳಿದ್ದು ನೆನಪಿದೆ.

'ಮದ್ಲ ಆಕೀನ ಹೊರಗ ಕರೀರಿ. ಆಮ್ಯಾಲ ಊರು. ಮದ್ಲ ಆಕೀನ.'

ಕೂಗಿದೆ. ಅವಳು ತಲೆ ಎತ್ತಿ ನನ್ನನ್ನು ನೋಡಿದಳು. ಕೈ ಎತ್ತಿ ಒಂದು ಬೆರಳು ತೋರಿಸಿದಳು. ಇನ್ನೊಂದು ಚೀಲ ಎಂದು. ಬಗ್ಗಿದಳು. ಆಗ ನನ್ನಿಂದ ಮೂವತ್ತು ಹೆಜ್ಜೆ ದೂರದಲ್ಲಿ ಏರಿಯ ಬೆನ್ನು, ಹಗ್ಗ ಹರಿದ ಹೊರಸು ಮಂಚದಂತೆ, ಸದ್ದಿಲ್ಲದೆ ಒಳಗೆ ಕುಳಿತಿತು. ಸದ್ದು ಬಂದದ್ದು ಆಮೇಲೆ, ನೀರಿನ ಜೊತೆ.

ಊರು ದಿಬ್ಬದ ಮೇಲಿತ್ತು. ಕೆಳಗಿನ ಓಣಿಗೆ ನೀರು ನುಗ್ಗಿತು. ಜನ ಮಾಳಿಗೆ ಹತ್ತಿ ಉಳಿದರು. ಭತ್ತವೆಲ್ಲ ಹೋಯಿತು. ಸತ್ತವಳು ಒಬ್ಬಳೇ. ಎರಡು ದಿನ ಬಿಟ್ಟು ಹಳ್ಳದ ಅಂಚಿನ ಜಾಲಿ ಪೊದೆಯಲ್ಲಿ ಸಿಕ್ಕಳು. ಪೊದೆಯೊಳಗೆ ಹೋಗಿ ಅವಳನ್ನು ಎತ್ತಿ ತಂದವರು ಸಾಹೇಬರು. ಬೇರೆಯವರಿಗೆ ಮುಟ್ಟಲು ಬಿಡಲಿಲ್ಲ. ನೆಲಕ್ಕೆ ಮಲಗಿಸಿ, ತೋರುಬೆರಳಿನಿಂದ ಅವಳ ಬಾಯೊಳಗಿನ ಮಣ್ಣನ್ನು ಬಹಳ ಹೊತ್ತು ತೆಗೆಯುತ್ತ ಕೂತರು. ತೆಗೆದಷ್ಟೂ ಇತ್ತು.

ಮಾರನೆಯ ದಿನ ವರದಿ ಬರೆಯಬೇಕಾಗಿತ್ತು. ಬಾಗಿಲು ಹಾಕಿಸಿ ನನ್ನನ್ನು ಕೂರಿಸಿಕೊಂಡರು.

'ಆಕಿ ನಿಮಗ ಎಷ್ಟಕ್ಕ ಫೋನ್ ಮಾಡಿದ್ಲು?'

'ಏಳೂವರಿಗೆ.'

'ನೀವು ನನಗ ಮಾಡಿದ್ದು?'

'ಎಂಟೂ ಕಾಲಿಗೆ.'

ನಾನು ಬೈಗುಳಕ್ಕೆ ಕಾದೆ. ಬೈಯಲಿಲ್ಲ. ಪೆನ್ನಿನ ಮುಚ್ಚಳ ತೆಗೆದು ಬರೆದರು. ಬರೆದದ್ದನ್ನು ಓದಿದರು: 'ಕಾವಲಿಗಿದ್ದ ಮಹಿಳೆಯು ಸಕಾಲದಲ್ಲಿ ಯಾರಿಗೂ ಮಾಹಿತಿ ನೀಡಿರುವುದಿಲ್ಲ.' ಹಾಳೆಯನ್ನು ನನ್ನ ಕಡೆ ತಿರುಗಿಸಿದರು.

'ಸರ್, ಆಕಿ ಮಾಡಿದ್ಲಲ್ಲರಿ.'

'ನಿಮಗ ಇನ್ನ ಮೂವತ್ತು ವರ್ಷ ನೌಕರಿ ಐತ್ರಿ. ಆಕಿಗೆ ಏನು ಉಳದೈತಿ? ಸಹಿ ಹಾಕ್ರಿ.'

ಹಾಕಿದೆ. ಪೆನ್ನು ಒಂದು ಸಲವೂ ತಡೆಯಲಿಲ್ಲ. ಆ ವಾಕ್ಯ ಕಚೇರಿಯಿಂದ ಊರಿಗೆ ತಲುಪಲು ಹೆಚ್ಚು ದಿನ ಹಿಡಿಯಲಿಲ್ಲ. ಫಕ್ಕೀರವ್ವ ಮಲಗಿಬಿಟ್ಟಿದ್ದಳಂತೆ ಎಂದರು. ಎದ್ದು ನೋಡಿದಾಗ ತಡವಾಗಿತ್ತಂತೆ, ಗಾಬರಿಯಾಗಿ ಚೀಲ ಹೊರಲು ಹೋದಳಂತೆ. ಭತ್ತ ಕಳೆದುಕೊಂಡವರಿಗೆ ದೂರಲು ಒಬ್ಬರು ಬೇಕಾಗಿತ್ತು. ಅವಳ ಮಗಳು ರೇಣುಕಾ, ಆಗ ಇಪ್ಪತ್ತರ ಹುಡುಗಿ, ಊರಿನ ಬೋರಿಗೆ ನೀರಿಗೆ ಹೋದರೆ ಹೆಂಗಸರು ಕೊಡ ತೆಗೆದುಕೊಂಡು ಸರಿದು ನಿಲ್ಲುತ್ತಿದ್ದರಂತೆ.

ಆರು ತಿಂಗಳಿಗೆ ಸಾಹೇಬರು ರೇಣುಕಾಳನ್ನು ನಮ್ಮ ಕಚೇರಿಯಲ್ಲೇ ಕಸ ಗುಡಿಸಿ ಚಹಾ ಕೊಡುವ ದಿನಗೂಲಿ ಕೆಲಸಕ್ಕೆ ಹಚ್ಚಿಕೊಂಡರು. ಅದು ಕರುಣೆ ಎಂದು ಎಲ್ಲರೂ ಆಶ್ಚರ್ಯಪಟ್ಟರು. ಅವಳು ದಿನಾ ಹನ್ನೊಂದಕ್ಕೂ ನಾಲ್ಕಕ್ಕೂ ನನ್ನ ಮೇಜಿಗೆ ಚಹಾ ತಂದಿಡುತ್ತಿದ್ದಳು. ನಾನು ಥ್ಯಾಂಕ್ಸ್ ಎನ್ನುತ್ತಿದ್ದೆ. ಹೇಳಿಬಿಡಬೇಕೆಂದು ಎಷ್ಟೋ ಸಲ ಬಾಯಿ ತೆರೆದಿದ್ದೇನೆ. 'ಸಕ್ರಿ ಕಮ್ಮಿ ಆಗೇತೇನ್ರಿ?' ಎಂದು ಅವಳು ಕೇಳುತ್ತಿದ್ದಳು. 'ಇಲ್ಲ, ಸರಿ ಅದ' ಎನ್ನುತ್ತಿದ್ದೆ. ಅವಳಿಗೆ ಮದುವೆಯಾಯಿತು, ಒಂದು ಮಗುವಾಯಿತು. ನನಗೆ ಬಡ್ತಿ ಸಿಕ್ಕಿತು. 

ಸಾಹೇಬರು ಎಲ್ಲರನ್ನೂ ಮೊದಲಿನಂತೆಯೇ ಸುಲಿಯುತ್ತಿದ್ದರು. ರೇಣುಕಾಳಿಗೆ ಮಾತ್ರ ಒಂದು ದಿನವೂ ಒಂದು ಮಾತು ಅಂದವರಲ್ಲ. ನನ್ನನ್ನೂ ಬೈಯುವುದನ್ನು ಬಿಟ್ಟಿದ್ದರು. ಅದೇ ನನಗೆ ಹೆಚ್ಚು ಭಾರವಾಗಿತ್ತು. ಎದುರಿಗೆ ಸಿಕ್ಕಾಗ ನನ್ನ ಮುಖವನ್ನು, ಏರಿಯ ಬುಡದಲ್ಲಿ ತೇವ ಹುಡುಕುವವರಂತೆ, ಒಮ್ಮೆ ಕೆಳಗಿನಿಂದ ಮೇಲಕ್ಕೆ ನೋಡಿ ಹೋಗುತ್ತಿದ್ದರು.

ನಿವೃತ್ತಿಯ ದಿನ ಶಾಲು ಹೊದಿಸಲು ಹೋದರೆ, 'ನನಗೇನು ಚಳಿಜ್ವರ ಬಂದಿಲ್ಲ' ಎಂದು ಸರಿಸಿದರು. ಸವಣೂರಿನಿಂದ ತರಿಸಿದ್ದ ಖಾರದ ಕುರುಕಲನ್ನು ಒಂದು ಹಿಡಿ ಬಾಯಿಗೆ ಹಾಕಿಕೊಂಡು ಹೊರಟರು. ಮೆಟ್ಟಿಲಲ್ಲಿ ನನ್ನನ್ನು ನಿಲ್ಲಿಸಿದರು.

'ಹೇಳಿದ್ರೇನು, ಆ ಹುಡುಗಿಗೆ?'

'ಇಲ್ಲರಿ ಸರ್.'

'ಹೇಳೂದಿಲ್ಲ ಬಿಡ್ರಿ ನೀವು' ಎಂದು ನಕ್ಕರು. ಅವರು ನಕ್ಕದ್ದನ್ನು ನಾನು ಹತ್ತಿರದಿಂದ ನೋಡಿದ್ದು ಅದೊಂದೇ ಸಲ. ಹಲ್ಲು ಎಲೆಯಿಂದ ಕೆಂಪಾಗಿದ್ದವು.

ಅವರು ಸತ್ತ ಮೂರನೆಯ ದಿನ ಮನೆಯವರನ್ನು ಮಾತನಾಡಿಸಿಕೊಂಡು ಬರಲು ಕಚೇರಿಯಿಂದ ಹೋದವರು ಇಬ್ಬರೇ, ನಾನು ಮತ್ತು ರೇಣುಕಾ. ಅವಳೇ, 'ನಾನೂ ಬರತೇನ್ರಿ' ಎಂದಳು. ತಡಸದಲ್ಲೊಂದು ಸಣ್ಣ ಮನೆ. ಗೋಡೆಯ ಮೇಲೆ ಬುದ್ಧನ ಚಿತ್ರ, ಅದರ ಮುಂದೆ ಒಂದು ತಾಟಿನಲ್ಲಿ ಬಿಳಿಯ ಹೂವು. ಅವರ ಹೆಂಡತಿ ನಮಗೆ ನೀರು ಕೊಟ್ಟು ಕೂತರು. ಕಣ್ಣು ಒಣಗಿದ್ದವು.

'ನನಗೂ ರಿ ಹಚ್ಚೇ ಬೈತಿದ್ರು' ಎಂದರು. 'ಸಾರಿಗೆ ಉಪ್ಪು ಹೆಚ್ಚಾದ್ರ, ಯಾರನ್ನ ಕೊಲ್ಲಬೇಕಂತ ಮಾಡೀರಿ ಅಂತಿದ್ರು. ಮೂವತ್ತೈದು ವರ್ಷ ಕೇಳೇನಿ. ಈಗ ಮನಿ ಶಾಂತ ಐತ್ರಿ.' ಆಮೇಲೆ ರೇಣುಕಾಳ ಕಡೆ ನೋಡಿ, 'ನಿನ್ನ ಹೆಸರು ಭಾಳ ಸಲ ತಗೀತಿದ್ರವ್ವ' ಎಂದರು. ಯಾಕೆಂದು ಹೇಳಲಿಲ್ಲ, ಅವರಿಗೂ ಗೊತ್ತಿರಲಿಲ್ಲ.

ತಡಸದ 'ಬಸ್ ನಿಲ್ದಾಣ' ಎಂಬ ಫಲಕದ ಕೆಳಗಿನ ಕಲ್ಲುಬೆಂಚಿನ ಮೇಲೆ ನಾವಿಬ್ಬರೂ ಕೂತೆವು. ಮಧ್ಯಾಹ್ನದ ಬಿಸಿಲು. ಅವರು ಹೋದರು, ಇನ್ನು ನಾನು ಹೇಳಬಹುದು ಎಂದುಕೊಂಡೆ. ಆ ಯೋಚನೆ ಬಂದಾಗಲೇ ಅದರ ಹೇಸಿಗೆಯೂ ಗೊತ್ತಾಯಿತು. ಆದರೂ ಹೇಳಿದೆ.

'ರೇಣುಕಾ, ನಿಮ್ಮವ್ವ ಆವತ್ತು ಮಲಗಿರಲಿಲ್ಲ. ನನಗ ಫೋನ್ ಮಾಡಿದ್ಲು. ನಾನು ಸಾಹೇಬ್ರಿಗೆ ಹೇಳಲಿಕ್ಕೆ ತಡಾ ಮಾಡಿದೆ. ವರದಿಯೊಳಗ ಸುಳ್ಳು ಬರದ್ರು, ನಾನು ಸಹಿ ಹಾಕಿದೆ.'

ರೇಣುಕಾ ರಸ್ತೆಯನ್ನೇ ನೋಡುತ್ತಿದ್ದಳು.

'ಗೊತ್ತೈತ್ರಿ' ಎಂದಳು. 'ಅವ್ವಗ ನಂಬರ್ ಓದಾಕ ಬರತಿದ್ದಿಲ್ಲ. ಹೊಲದಿಂದ ಮನಿಗೆ ಓಡಿ ಬಂದ್ಲು. ನಿಮ್ಮ ನಂಬರ್ ಒತ್ತಿ ಕೊಟ್ಟಾಕಿ ನಾನ.'

ನಾನು ಅವಳ ಕಡೆ ತಿರುಗಿದೆ.

'ಕೆಲಸಕ್ಕ ಬಂದ ಮದ್ಲನೇ ದಿನ ಸಾಹೇಬ್ರು ಕೇಳಿದ್ರು, ಫೋನ್ ಹಚ್ಚಿ ಕೊಟ್ಟಾಕಿ ನೀನೇನು ಅಂತ. ಹೂನ್ರಿ ಅಂದೆ. ಸುಳ್ಳು ಬರದಾಂವ ನಾನ, ಬೇಕಾದ್ರ ಊರ ತುಂಬ ಹೇಳು ಅಂದ್ರು. ಆದ್ರ ಆ ಮೇಡಂಗ ಮಾತ್ರ ಕೇಳಬ್ಯಾಡ, ಆಕಿ ತಾನಾಗೆ ಹೇಳಲಿ, ಎಷ್ಟು ವರ್ಷ ಹಿಡೀತೈತಿ ನೋಡೂನು ಅಂದ್ರು. ಪ್ರತಿ ಮಳಿಗಾಲಕ್ಕ ಕೇಳತಿದ್ರು, ಹೇಳಿದ್ಲೇನು ಅಂತ. ಇಲ್ಲರಿ ಅಂತಿದ್ದೆ.'

'ಊರಾಗ ಯಾಕ ಹೇಳಲಿಲ್ಲ ನೀನು?'

'ನಾ ಹೇಳಿದ್ರ ಮಗಳು ಹೇಳತಾಳ ಅಂತಿದ್ರು. ನೀವು ಹೇಳಿದ್ರ ನಂಬತಿದ್ರು.' ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಹಿಡಿದುಕೊಳ್ಳಲು ನನಗೆ ಏನಾದರೂ ಸಿಗುತ್ತಿತ್ತು. 'ನನಗ ಒಂದ ಮಾತು ತಿಳೀಬೇಕಾಗೇತ್ರಿ. ಅವ್ವನ ಮಾತು ಕೇಳಿಸಿತ್ತು, ನಿಮ್ಮದು ಕೇಳಿಸಿದ್ದಿಲ್ಲ. ಹೂನ್ರಿ, ಹೂನ್ರಿ ಅಂದು ಫೋನ್ ಕೊಟ್ಲು. ಮನಿಯಾಗ ಇರು ಅಂದೆ. ಇಲ್ಲ ಅಂತ ಹೊಲಕ್ಕ ಓಡಿದ್ಲು. ನೀವು ಆಕಿಗೆ ಏನಂದ್ರಿ?'

ಹಾನಗಲ್ಲಿನ ಬಸ್ಸು ಬಂತು, ನಿಂತಿತು, ಹೋಯಿತು. ನಾವಿಬ್ಬರೂ ಏಳಲಿಲ್ಲ.

'ಅಲ್ಲೇ ಹೋಗಿ ನಿಂದ್ರು ಅಂದೆ' ಎಂದೆ. 'ನಾ ಬರೋ ತನಕ ಅಲ್ಲಿಂದ ಕದಲಬ್ಯಾಡ ಅಂದೆ.'

ರೇಣುಕಾ ತಲೆಯಾಡಿಸಿದಳು.

'ಅದಕ್ಕ ಕದಲಲಿಲ್ಲ' ಎಂದಳು.